ಉಸ್ನಿಯದಿಂದ ಉಸ್ನಿಕ್ ಆಮ್ಲ: ಅಸಿಟೋನ್ ಫ್ಲಾಸ್ಕಿನಿಂದ ಅಗರ್ ತಟ್ಟೆಯವರೆಗೆ

ಉಸ್ನಿಯ ಎಂಬ ಕಲ್ಲುಹೂವಿನಿಂದ ಉಸ್ನಿಕ್ ಆಮ್ಲವನ್ನು ಬೇರ್ಪಡಿಸಬೇಕು, ಸಿಕ್ಕಿದ್ದು ಅದೇ ಎಂದು ಖಾತ್ರಿ ಮಾಡಿಕೊಳ್ಳಬೇಕು, ಆಮೇಲೆ ಬ್ಯಾಕ್ಟೀರಿಯದ ಮೇಲೆ ಹಾಕಿ ನೋಡಬೇಕು. ಕೆಲಸ ಇಷ್ಟೇ. ಕಚ್ಚಾ ಸಾರವನ್ನೇ ಡಿಸ್ಕಿಗೆ (ಬ್ಯಾಕ್ಟೀರಿಯ ಬಳಿದ ಅಗರ್ ತಟ್ಟೆಯ ಮೇಲಿಡುವ ಸಣ್ಣ ಕಾಗದದ ಬಿಲ್ಲೆಗೆ) ತೊಟ್ಟಿಕ್ಕಿಸಿ ‘ಈ ಕಲ್ಲುಹೂವಿಗೆ ರೋಗಾಣು ಕೊಲ್ಲುವ ಗುಣವಿದೆ’ ಎಂದು ಬರೆದುಬಿಡುವುದು ಸುಲಭ. ಆದರೆ ಸಾರದಲ್ಲಿ ಹಲವು ಸಂಯುಕ್ತಗಳು ಕಲೆತಿರುವಾಗ ಕೊಂದದ್ದು ಯಾವುದು ಎಂಬ ಪ್ರಶ್ನೆಗೆ ಆ ತಟ್ಟೆ ಉತ್ತರ ಕೊಡುವುದಿಲ್ಲ. ಅದಕ್ಕೇ ಇಲ್ಲಿ ಶುದ್ಧೀಕರಣ ಮೊದಲು, ಜೀವಪರೀಕ್ಷೆ ಆಮೇಲೆ. ಡಿಸ್ಕ್ ಪರೀಕ್ಷೆಯವರೆಗಿನ ಕೆಲಸ ಮುಗಿದಿದೆ. ಎಂಐಸಿ, ಅಂದರೆ ಬೆಳವಣಿಗೆ ತಡೆಯಲು ಬೇಕಾದ ಕನಿಷ್ಠ ಸಾಂದ್ರತೆ, ಅರ್ಧಕ್ಕೆ ನಿಂತಿದೆ. ನಿಂತದ್ದು ಏಕೆಂದು ಕೊನೆಯಲ್ಲಿದೆ.

ಹಂತ 1. ಮಾದರಿ

ಮುರಿದುಬಿದ್ದ ಕೊಂಬೆಗಳ ಮೇಲಿದ್ದದ್ದನ್ನು ಮಾತ್ರ ಆರಿಸಿದ್ದು. ಕಲ್ಲುಹೂವು ಬೆಳೆಯುವುದು ಬಹಳ ನಿಧಾನ, ಮರದ ಮೇಲಿರುವುದನ್ನು ಕಿತ್ತರೆ ಆ ಜಾಗ ತುಂಬಲು ವರ್ಷಗಳು ಬೇಕು. ಸಂರಕ್ಷಿತ ಪ್ರದೇಶವಾದರೆ ಬಿದ್ದ ಕೊಂಬೆಗೂ ಅನುಮತಿ ಬೇಕಾಗುತ್ತದೆ.

ಉಸ್ನಿಯ ಹೌದೋ ಅಲ್ಲವೋ ಎಂದು ತಿಳಿಯಲು ಒಂದು ಎಳೆಯನ್ನು ನೀರಲ್ಲಿ ಅದ್ದಿ ಎರಡೂ ತುದಿ ಹಿಡಿದು ಮೆಲ್ಲಗೆ ಎಳೆಯಬೇಕು. ಹಸಿರು-ಹಳದಿ ಹೊರಪದರ ಬಳೆ ಬಳೆಯಾಗಿ ಬಿರಿದು, ನಡುವೆ ಬಿಳಿಯ ಗಟ್ಟಿ ದಾರವೊಂದು ರಬ್ಬರಿನಂತೆ ಜಗ್ಗುತ್ತದೆ. ನೋಡಲು ಹೀಗೇ ಇರುವ ರಾಮಲಿನ, ಅಲೆಕ್ಟೋರಿಯಗಳಲ್ಲಿ ಈ ದಾರ ಇಲ್ಲ. ಒಣ ಎಳೆಯನ್ನು ಎಳೆದರೆ ದಾರವೂ ಸೇರಿ ಪಟ್ಟನೆ ಮುರಿಯುತ್ತದೆ, ಏನೂ ತಿಳಿಯುವುದಿಲ್ಲ.

ನೆರಳಲ್ಲಿ, ಕಾಗದದ ಮೇಲೆ ಹರಡಿ ಒಣಗಿಸಬೇಕು. ಓವನ್ ಬೇಡ. ಉಸ್ನಿಕ್ ಆಮ್ಲ ಬಿಸಿ ತಡೆದುಕೊಂಡೀತು, ಆದರೆ ಜೊತೆಗಿರುವ ಡೆಪ್ಸೈಡು ಎಂಬ ಸಂಯುಕ್ತಗಳಲ್ಲಿ ಎರಡು ಉಂಗುರಗಳನ್ನು ಬೆಸೆದಿರುವುದು ಎಸ್ಟರ್ ಕೊಂಡಿ. ತೇವ ಮತ್ತು ಬಿಸಿ ಸೇರಿದರೆ ಅದು ಕಳಚುತ್ತದೆ, ಮುಂದೆ ಟಿಎಲ್‌ಸಿ (ಸಂಯುಕ್ತಗಳನ್ನು ಬೇರೆ ಬೇರೆ ಕಲೆಗಳಾಗಿ ಬಿಡಿಸಿ ತೋರಿಸುವ ತೆಳುಪದರ ವರ್ಣರೇಖನ) ತಟ್ಟೆಯಲ್ಲಿ ಮಾದರಿಯಲ್ಲೇ ಇಲ್ಲದ ಕಲೆಗಳು ಕಾಣಿಸಿಕೊಳ್ಳುತ್ತವೆ. ಒಣಗಿದ ಮೇಲೆ ಕೈಮಸೂರದ ಕೆಳಗೆ ತೊಗಟೆ ಚೂರು, ಪಾಚಿ, ಬೇರೆ ಜಾತಿಯ ತುಣುಕುಗಳನ್ನು ಚಿಮಟದಿಂದ ಆರಿಸಿ ತೆಗೆದದ್ದು. ಇಡೀ ಕೆಲಸದಲ್ಲಿ ಅತಿ ಬೇಸರದ ಭಾಗ ಇದು, ಆದರೆ ಇಲ್ಲಿ ಉಳಿದ ಕಸವನ್ನು ಮುಂದೆ ಯಾವ ದ್ರಾವಕವೂ ತೊಳೆದುಕೊಡುವುದಿಲ್ಲ.

ತೂಕ: 10.0 ಗ್ರಾಂ. 2–3 ಮಿಮೀ ತುಂಡುಗಳಾಗಿ ಕತ್ತರಿಸಿದ್ದು. ಪುಡಿ ಮಾಡುವ ಅಗತ್ಯವಿಲ್ಲ. ಉಸ್ನಿಕ್ ಆಮ್ಲ ಇರುವುದು ಹೊರಪದರದಲ್ಲಿ, ಶಿಲೀಂಧ್ರದ ಎಳೆಗಳ ಹೊರಮೈಗೆ ಅಂಟಿದ ಹರಳುಗಳಾಗಿ. ಅಸಿಟೋನು ಅಲ್ಲಿಗೆ ಸಲೀಸಾಗಿ ತಲುಪುತ್ತದೆ. ನುಣ್ಣಗೆ ಪುಡಿ ಮಾಡಿದರೆ ಕಲ್ಲುಹೂವಿನೊಳಗೆ ಶಿಲೀಂಧ್ರದ ಜೊತೆಗೇ ಬಾಳುವ ಪಾಚಿಕೋಶಗಳು ಒಡೆದು ಕ್ಲೋರೋಫಿಲ್ ಹೆಚ್ಚು ಇಳಿಯುತ್ತದೆ, ಸೋಸುಕಾಗದವೂ ಕಟ್ಟಿಕೊಳ್ಳುತ್ತದೆ.

ಹಂತ 2. ಬಣ್ಣದ ಪರೀಕ್ಷೆಗಳು

ಫ್ಲಾಸ್ಕಿಗೆ ಹಾಕುವ ಮೊದಲು ಮಾದರಿಯಲ್ಲಿ ಏನಿರಬಹುದೆಂಬ ಅಂದಾಜು ಬೇಕು. ಕಲ್ಲುಹೂವು ತಜ್ಞ ನೈಲಾಂಡರ್ 1866ರಲ್ಲಿ ಬಳಕೆಗೆ ತಂದ ಕೆ ಮತ್ತು ಸಿ ಪರೀಕ್ಷೆಗಳೇ ಇಂದಿಗೂ ಮೊದಲ ಹೆಜ್ಜೆ. ಕೆ ಎಂದರೆ ನೀರಿನಲ್ಲಿ 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಸಿ ಎಂದರೆ ಸುವಾಸನೆ ಬೆರೆಸದ ಬ್ಲೀಚ್. ಕೆಸಿ ಎಂದರೆ ಒಂದೇ ಜಾಗಕ್ಕೆ ಮೊದಲು ಕೆ, ಅದರ ಮೇಲೆ ಸಿ. ಪಿಡಿ ಎಂಬುದು ಪ್ಯಾರಾ-ಫಿನೈಲೀನ್‌ಡೈಅಮೀನ್. ಚರ್ಮಕ್ಕೆ ಅಲರ್ಜಿ ಹತ್ತಿಸುವ ವಿಷ ಅದು, ಕೈಗವಸಿಲ್ಲದೆ ಬಾಟಲಿಯನ್ನೂ ಮುಟ್ಟಬಾರದು. ಆಲ್ಕೋಹಾಲಿನಲ್ಲಿ ಕರಗಿಸಿದ ಪಿಡಿ ಆ ದಿನಕ್ಕಷ್ಟೇ ಬಾಳುತ್ತದೆ. ಸ್ಟೈನರ್ ದ್ರಾವಣವಾಗಿ ಮಾಡಿಕೊಂಡರೆ ವಾರಗಟ್ಟಲೆ ಇಡಬಹುದು: ಪಿಡಿ 1 ಗ್ರಾಂ, ಸೋಡಿಯಂ ಸಲ್ಫೈಟ್ 10 ಗ್ರಾಂ, ನೀರು 100 ಮಿಲಿ, ಪಾತ್ರೆ ತೊಳೆಯುವ ದ್ರವ ಕೆಲವು ಹನಿ.

ಗಾಜಿನ ಕ್ಯಾಪಿಲರಿಯ ತುದಿಯಿಂದ, ಸೋಸುಕಾಗದದ ಮೇಲಿಟ್ಟ ತುಣುಕಿಗೆ ಮುಟ್ಟಿಸಿದಾಗ ಕಂಡದ್ದು:

ಹೊರಪದರ: ಕೆಗೆ ಬಣ್ಣವಿಲ್ಲ, ಸಿಗೆ ಬಣ್ಣವಿಲ್ಲ, ಕೆಸಿಗೆ ಗಾಢ ಹಳದಿ. ಉಸ್ನಿಕ್ ಆಮ್ಲಕ್ಕೆ ಸಲ್ಲುವ ಫಲಿತಾಂಶ.

ಒಳತಿರುಳು (ಬ್ಲೇಡಿನಿಂದ ಹೊರಪದರ ಹೆರೆದ ಮೇಲೆ): ಕೆ ಹಾಕಿದೊಡನೆ ಹಳದಿ, ಒಂದು ನಿಮಿಷದೊಳಗೆ ರಕ್ತಗೆಂಪು. ಅಂದರೆ ನಾರ್‌ಸ್ಟಿಕ್ಟಿಕ್ ಅಥವಾ ಸಲಾಜಿನಿಕ್ ಆಮ್ಲ ಇದೆ. ಎರಡೂ ಹೀಗೇ ಕೆಂಪಾಗುವುದರಿಂದ ಇಲ್ಲಿ ತೀರ್ಮಾನ ಮಾಡಲಾಗದು. ಟಿಎಲ್‌ಸಿಗೆ ಬಿಟ್ಟದ್ದು.

ಕೆಸಿ ಹಳದಿ ಬಾರದಿದ್ದರೆ ಮೊದಲು ಬ್ಲೀಚನ್ನೇ ಅನುಮಾನಿಸಬೇಕು. ತೆರೆದ ಬಾಟಲಿಯಲ್ಲಿ ಹೈಪೋಕ್ಲೋರೈಟ್ ಬೇಗ ಸಾಯುತ್ತದೆ. ಗೈರೋಫೋರಿಕ್ ಅಥವಾ ಲೆಕನೋರಿಕ್ ಆಮ್ಲವಿರುವ ಗೊತ್ತಿರುವ ಕಲ್ಲುಹೂವೊಂದನ್ನು ಪಕ್ಕದಲ್ಲಿಟ್ಟುಕೊಂಡು, ಅದು ಸಿ ಹನಿಗೆ ಕೆಂಪಾಗುತ್ತದೆಯೇ ಎಂದು ನೋಡಿದರೆ ಸಾಕು. ಇನ್ನೊಂದು ಎಚ್ಚರಿಕೆ: ಉಳಿದ ಬ್ಲೀಚನ್ನು ಅಸಿಟೋನ್ ತ್ಯಾಜ್ಯದ ಡಬ್ಬಿಗೆ ಸುರಿಯಬೇಡಿ. ಎರಡೂ ಸೇರಿ ಬಿಸಿಯೇರಿ ಕ್ಲೋರೋಫಾರ್ಮ್ ಹುಟ್ಟುತ್ತದೆ. ಆಮ್ಲದ ಡಬ್ಬಿಗೂ ಬೇಡ, ಅಲ್ಲಿ ಬರುವುದು ಕ್ಲೋರಿನ್.

ಹಂತ 3. ಸಾರ ಇಳಿಸುವುದು

ಮೊದಲು ಮಾಡಿದ್ದು ಎಥನಾಲಿನಲ್ಲಿ, ಕೆಲಸ ಕೆಟ್ಟಿತು. ಕಾರಣ ಕರಗುವಿಕೆಯ ಅಂಕಿಗಳಲ್ಲೇ ಇದೆ. 25 ಡಿಗ್ರಿಯಲ್ಲಿ 100 ಮಿಲಿ ಅಸಿಟೋನು 0.77 ಗ್ರಾಂ ಉಸ್ನಿಕ್ ಆಮ್ಲವನ್ನು ಕರಗಿಸಿಕೊಳ್ಳುತ್ತದೆ, ಈಥೈಲ್ ಅಸಿಟೇಟು 0.88 ಗ್ರಾಂ. ಎಥನಾಲ್ ಬರೀ 0.02 ಗ್ರಾಂ, ನೀರು 0.01 ಗ್ರಾಮಿಗೂ ಕಡಿಮೆ. ಎಥನಾಲಿಗೆ ಇಳಿದದ್ದು ಕಡುಹಸಿರು ಕ್ಲೋರೋಫಿಲ್ ಮತ್ತು ಜಿಡ್ಡು. ಬೇಕಾದದ್ದು ಕಲ್ಲುಹೂವಿನಲ್ಲೇ ಕೂತಿತ್ತು. ಉಸ್ನಿಯವನ್ನು ಆಲ್ಕೋಹಾಲಿನಲ್ಲಿ ನೆನೆಹಾಕಿ ಮಾಡುವ ಟಿಂಕ್ಚರುಗಳಲ್ಲಿ ಉಸ್ನಿಕ್ ಆಮ್ಲ ಎಷ್ಟಿದ್ದೀತು ಎಂಬುದನ್ನೂ ಈ ಅಂಕಿಗಳಿಂದಲೇ ಊಹಿಸಬಹುದು.

ಮಾದರಿ ಹಸಿಯಾಗಿದ್ದರೂ ಹೀಗೇ ಆಗುತ್ತದೆ. ಎಳೆಗಳಲ್ಲಿದ್ದ ನೀರು ಅಸಿಟೋನಿಗೆ ಬೆರೆತು ಕರಗಿಸುವ ಶಕ್ತಿ ಕುಗ್ಗುತ್ತದೆ, ಕೊನೆಯಲ್ಲಿ ಹರಳಿನ ಬದಲು ಅಂಟು ಉಳಿಯುತ್ತದೆ.

ಎರಡನೆಯ ಸಲ ಹೊಸ 10.0 ಗ್ರಾಂ ಮಾದರಿ, 250 ಮಿಲಿ ಕೋನಿಕಲ್ ಫ್ಲಾಸ್ಕ್, ಪ್ರಯೋಗಾಲಯ ದರ್ಜೆಯ ಅಸಿಟೋನು. ಉಗುರುಬಣ್ಣ ಅಳಿಸುವ ದ್ರವ ನಡೆಯುವುದಿಲ್ಲ, ಅದರಲ್ಲಿ ಎಣ್ಣೆ ಮತ್ತು ಸುವಾಸನೆ ಇರುತ್ತದೆ. ಮೊದಲು 100 ಮಿಲಿ ಹಾಕಿ ಕೋಣೆಯ ತಾಪದಲ್ಲೇ 30 ನಿಮಿಷ, ಆಗಾಗ ತಿರುಗಿಸುತ್ತಾ. ದ್ರವ ಬಗ್ಗಿಸಿಕೊಂಡು ಮತ್ತೆ 60 ಮಿಲಿ, ಆಮೇಲೆ 40 ಮಿಲಿ. ಪ್ರತಿಬಾರಿಯೂ ಒಂದು ಹನಿಯನ್ನು ಗಾಜಿನ ಬಿಲ್ಲೆಯ ಮೇಲೆ ಒಣಗಲು ಬಿಟ್ಟದ್ದು. ಮೊದಲ ಹನಿ ಒಣಗಿದಾಗ ಅಂಚಿನಲ್ಲಿ ಸ್ಪಷ್ಟ ಹಳದಿ ಉಂಗುರ, ಮಸೂರದಲ್ಲಿ ನೋಡಿದರೆ ಸಣ್ಣ ಸೂಜಿಗಳು. ಮೂರನೆಯ ಹನಿಗೆ ಉಂಗುರ ಇರಲಿಲ್ಲ, ಅಲ್ಲಿಗೆ ನಿಲ್ಲಿಸಿದ್ದು.

ಬಿಸಿ ಮಾಡುವ ಅಗತ್ಯ ಕಾಣಲಿಲ್ಲ. ಬೇರೆ ಕಲ್ಲುಹೂವಿಗೆ ಇದೇ ವಿಧಾನ ಬಳಸುವವರಿಗೆ ಒಂದು ಮಾತು: ಅಟ್ರನೋರಿನ್‌ನಂಥ ಡೆಪ್ಸೈಡ್ ಬೇಕಾದರೆ ಮೆಥನಾಲಿನಲ್ಲಿ ಕುದಿಸಬಾರದು. ಮೆಥನಾಲ್ ಆ ಎಸ್ಟರ್ ಕೊಂಡಿಯನ್ನು ಬಿಡಿಸಿ ತಾನೇ ಸೇರಿಕೊಳ್ಳುತ್ತದೆ. ಕೊನೆಗೆ ಸಿಗುವುದು ನಮ್ಮ ಕೈಯಾರೆ ಮಾಡಿದ ಹೊಸ ಸಂಯುಕ್ತ.

ಹಂತ 4. ಹರಳು

ಸೋಸಿದ ಸುಮಾರು 190 ಮಿಲಿ ಹಳದಿ-ಹಸಿರು ದ್ರವವನ್ನು ಫ್ಯೂಮ್ ಹುಡ್ಡಿನೊಳಗೆ 50 ಡಿಗ್ರಿಯ ವಾಟರ್ ಬಾತಿನಲ್ಲಿಟ್ಟು 15 ಮಿಲಿಗೆ ಇಳಿಸಿದ್ದು. ಅಸಿಟೋನು 56 ಡಿಗ್ರಿಯಲ್ಲಿ ಕುದಿಯುತ್ತದೆ, ಅದರ ಆವಿ ನೆಲಮಟ್ಟದಲ್ಲಿ ಹರಡಿ ದೂರದ ಬೆಂಕಿಯನ್ನೂ ಹಿಡಿದುಕೊಳ್ಳುತ್ತದೆ. ಬರ್ನರ್ ಬೇಡವೇ ಬೇಡ. ಫ್ಲಾಸ್ಕಿನ ಗೋಡೆಯ ಮೇಲೆ ಹಳದಿ ಪದರ ಕಟ್ಟತೊಡಗಿದರೆ ದ್ರಾವಣ ಪರ್ಯಾಪ್ತವಾಗಿದೆ ಎಂದರ್ಥ. ಪೂರ್ತಿ ಒಣಗಿಸಬಾರದು, ಒಣಗಿದರೆ ಕ್ಲೋರೋಫಿಲ್ಲು, ಜಿಡ್ಡು, ಹರಳು ಮೂರೂ ಒಂದೇ ಪದರವಾಗಿ ಗಾಜಿಗೆ ಅಂಟಿಕೊಳ್ಳುತ್ತವೆ.

ಈಗ ಎಥನಾಲಿಗೆ ಕೆಲಸ. ಇಳಿಸಲು ಬಾರದ ಅದೇ ಗುಣ ಇಲ್ಲಿ ಒದಗಿ ಬರುತ್ತದೆ. 30 ಮಿಲಿ ಎಥನಾಲ್ ಸೇರಿಸಿ ಅದೇ ಬಾತಿನಲ್ಲಿ ಮುಂದುವರಿಸಿದರೆ ಅಸಿಟೋನು ಮೊದಲು ಹಾರಿಹೋಗಿ ಎಥನಾಲ್ ಉಳಿಯುತ್ತದೆ. ಕ್ಲೋರೋಫಿಲ್ ಅದರಲ್ಲಿ ಕರಗಿಯೇ ಇರುತ್ತದೆ, ಉಸ್ನಿಕ್ ಆಮ್ಲ ಹೊರಬೀಳುತ್ತದೆ. 25 ಡಿಗ್ರಿಯಲ್ಲಿ 30 ಮಿಲಿ ಎಥನಾಲ್ ಹಿಡಿದಿಟ್ಟುಕೊಳ್ಳುವುದು 6 ಮಿಗ್ರಾಂ, ಅಷ್ಟು ನಷ್ಟ ಸಹಿಸಬಹುದು.

ತಣಿಸುವಾಗ ಅವಸರ ಸಲ್ಲದು. ಬಿಸಿ ಫ್ಲಾಸ್ಕನ್ನು ನೇರ ಮಂಜುಗಡ್ಡೆಗೆ ಇಟ್ಟರೆ ಹರಳು ಹಿಟ್ಟಿನಂತೆ ಬಿದ್ದು ಹಸಿರನ್ನು ಒಳಗೇ ಹಿಡಿದುಕೊಳ್ಳುತ್ತದೆ. ಎಷ್ಟು ತೊಳೆದರೂ ಆ ಹಸಿರು ಬಿಡುವುದಿಲ್ಲ. ಮೇಜಿನ ಮೇಲೆ ಮುಚ್ಚಿಟ್ಟು ಕೋಣೆಯ ತಾಪಕ್ಕೆ ಬಂದ ಮೇಲೆ ಮಂಜಿನಲ್ಲಿ 30 ನಿಮಿಷ. ಬುಕ್ನರ್ ಫನೆಲ್‌ನಲ್ಲಿ ಸೋಸಿ, ಮಂಜಿನಷ್ಟು ತಣ್ಣಗಿನ ಎಥನಾಲ್ 5 ಮಿಲಿಯಂತೆ ಎರಡು ಬಾರಿ.

ಕಚ್ಚಾ ಹರಳು: 168 ಮಿಗ್ರಾಂ, ಒಣ ತೂಕದ 1.7%. ಬಣ್ಣ ಹಳದಿ, ಅಂಚಿನಲ್ಲಿ ಹಸಿರು ಛಾಯೆ. ಕರಗುಬಿಂದು 192–198 ಡಿಗ್ರಿ. ಶುದ್ಧ ಉಸ್ನಿಕ್ ಆಮ್ಲಕ್ಕೆ 201–204 ಇರಬೇಕು. ಕೆಳಗಿಳಿದದ್ದಕ್ಕಿಂತ, ಆರು ಡಿಗ್ರಿ ಉದ್ದಕ್ಕೂ ಎಳೆದಾಡಿದ್ದೇ ಕಲಬೆರಕೆಯ ದೊಡ್ಡ ಸುಳಿವು.

ಮರುಹರಳು: 15 ಮಿಲಿ ಬೆಚ್ಚಗಿನ ಅಸಿಟೋನಿನಲ್ಲಿ ಕರಗಿಸಿ, ಬಿಸಿ ಇರುವಾಗಲೇ ಸೋಸಿ, ಎಥನಾಲ್ ಹನಿಹನಿಯಾಗಿ ಸೇರಿಸಿ, ಮಸುಕು ಕಾಣಿಸಿಕೊಂಡಾಗ ನಿಲ್ಲಿಸಿ ರಾತ್ರಿಯಿಡೀ ಬಿಟ್ಟದ್ದು. ಸೋಸುವ ಫನೆಲನ್ನೂ ಬೆಚ್ಚಗೆ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಹರಳು ಅದರ ಕೊಳವೆಯಲ್ಲೇ ಕಟ್ಟಿಕೊಳ್ಳುತ್ತದೆ. ಬೆಳಿಗ್ಗೆ ಫ್ಲಾಸ್ಕಿನ ತಳದಲ್ಲಿ ನಿಂಬೆಹಳದಿ ಸೂಜಿಗಳು, ಮೇಲಿನ ದ್ರವ ತಿಳಿಹಸಿರು. 131 ಮಿಗ್ರಾಂ, ಕರಗುಬಿಂದು 201–203.

ಒಣ ಹರಳನ್ನು ಕೆರೆಯುವಾಗ ಕೈಗವಸು, ಮುಖಗವಸು ಇರಲಿ. ಉಸ್ನಿಕ್ ಆಮ್ಲ ಚರ್ಮದ ಅಲರ್ಜಿಗೆ ಹೆಸರಾದದ್ದು, ಮರ ಕಡಿಯುವವರಲ್ಲಿ ಇದು ಹಳೆಯ ತೊಂದರೆ.

ಹಂತ 5. ಟಿಎಲ್‌ಸಿ

ಕರಗುಬಿಂದು ಸರಿಬಂತೆಂದು ಇಲ್ಲಿಗೇ ನಿಲ್ಲಿಸುವಂತಿಲ್ಲ. ಕಲ್ಲುಹೂವಿನ ಟಿಎಲ್‌ಸಿಗೆ 1970ರಲ್ಲಿ ಚಿಸಿಟಾ ಕಲ್ಬರ್ಸನ್ ಮತ್ತು ಕ್ರಿಸ್ಟಿನ್ಸನ್ ಹಾಕಿಕೊಟ್ಟ ಪದ್ಧತಿಯೇ ಮಾನದಂಡ. ಎ, ಬಿ, ಸಿ ಎಂಬ ಮೂರು ದ್ರಾವಕ ಮಿಶ್ರಣಗಳಲ್ಲಿ ಓಡಿಸಿ, ಅಟ್ರನೋರಿನ್ ಮತ್ತು ನಾರ್‌ಸ್ಟಿಕ್ಟಿಕ್ ಆಮ್ಲವನ್ನು ಅಳತೆಗೋಲಾಗಿ ಪಕ್ಕದಲ್ಲಿಡುವುದು. ಇಲ್ಲಿ ಬಳಸಿದ್ದು ಸಿ ಮಿಶ್ರಣ ಮಾತ್ರ: ಟಾಲ್ವೀನ್ 85, ಅಸಿಟಿಕ್ ಆಮ್ಲ 15.

ತಟ್ಟೆ ಸಿಲಿಕಾ ಜೆಲ್ 60 ಎಫ್254. ತಳದಿಂದ 1.5 ಸೆಂಮೀ ಮೇಲೆ ಪೆನ್ಸಿಲ್ ಗೆರೆ. ಪೆನ್ ಆದರೆ ಶಾಯಿಯೂ ಮೇಲಕ್ಕೆ ಓಡುತ್ತದೆ. ದ್ರಾವಕದ ಆಳ 5 ಮಿಮೀ. ಅದು ಗೆರೆ ಮುಟ್ಟುವಷ್ಟಿದ್ದರೆ ಕಲೆಗಳು ಮೇಲೇರುವ ಬದಲು ಕೆಳಗೆ ಕರಗಿಹೋಗುತ್ತವೆ. ಜಾಡಿಯ ಒಳಗೋಡೆಗೆ ಸೋಸುಕಾಗದ ಹಚ್ಚಿ 20 ನಿಮಿಷ ಆವಿ ತುಂಬಲು ಬಿಟ್ಟದ್ದು.

ಮೊದಲ ತಟ್ಟೆಯಲ್ಲಿ ಕಲೆಗಳು ಬಾಲ ಎಳೆದವು. ಹಾಕಿದ ಮಾದರಿ ಜಾಸ್ತಿಯಾಗಿತ್ತು. ಮಿಲಿಗೆ 1 ಮಿಗ್ರಾಂ ದ್ರಾವಣ, 5 ಮೈಕ್ರೋಲೀಟರ್, ಕಲೆಯ ಅಗಲ 4 ಮಿಮೀ ಮೀರದಂತೆ ಹಾಕಿದಾಗ ಚೊಕ್ಕವಾಗಿ ಬಂತು. 254 ನ್ಯಾನೋಮೀಟರ್ ಬೆಳಕಿನಲ್ಲಿ ಹಸಿರು ಹೊಳಪಿನ ನಡುವೆ ಉಸ್ನಿಕ್ ಆಮ್ಲ ಕಪ್ಪು ಚುಕ್ಕೆ, ಆರ್‌ಎಫ್ (ದ್ರಾವಕ ಏರಿದ ಎತ್ತರದಲ್ಲಿ ಕಲೆ ಏರಿದ ಪಾಲು) 0.7ರ ಆಸುಪಾಸು. ಅಟ್ರನೋರಿನ್ ಅದಕ್ಕಿಂತ ಮೇಲೆ, ನಾರ್‌ಸ್ಟಿಕ್ಟಿಕ್ 0.3ರ ಬಳಿ. ಕಚ್ಚಾ ಸಾರದ ಸಾಲಿನಲ್ಲಿ ಗೆರೆಗೆ ಅಂಟಿಕೊಂಡಂತೆ ಇನ್ನೊಂದು ಕಲೆ ಇತ್ತು. ಅದು ಸಲಾಜಿನಿಕ್ ಆಮ್ಲ ಇರುವ ಜಾಗ, ಒಳತಿರುಳು ಕೆಂಪಾದದ್ದಕ್ಕೆ ಕಾರಣ ಅಲ್ಲಿ ಸಿಕ್ಕಿತು. ಮರುಹರಳಿನ ಸಾಲಿನಲ್ಲಿ ಅದಿಲ್ಲ.

ಆಮೇಲೆ 10% ಗಂಧಕಾಮ್ಲ ಸಿಂಪಡಿಸಿ 110 ಡಿಗ್ರಿಯಲ್ಲಿ 10 ನಿಮಿಷ. ಕಾಯಿಸುವ ಮೊದಲು, ತಟ್ಟೆ ಇನ್ನೂ ಒದ್ದೆಯಿರುವಾಗ ಓರೆಯಾಗಿ ಹಿಡಿದು ನೋಡಬೇಕು. ಕೊಬ್ಬಿನಾಮ್ಲವಿರುವ ಕಡೆ ನೀರು ಹತ್ತದೆ ಬಿಳಿಯ ಒಣ ಮಚ್ಚೆ ಉಳಿಯುತ್ತದೆ, ಕಾಯಿಸಿದರೆ ಆ ಸುಳಿವು ಹೋಗುತ್ತದೆ. ಕಚ್ಚಾ ಸಾಲಿನಲ್ಲಿ ಒಂದು ಮಚ್ಚೆ ಕಂಡಿತು, ಶುದ್ಧದಲ್ಲಿ ಇಲ್ಲ.

ಉಸ್ನಿಕ್ ಆಮ್ಲಕ್ಕೆ ಎಡ-ಬಲ ಎರಡು ರೂಪಗಳಿವೆ. ಶುದ್ಧ ರೂಪಗಳೆರಡಕ್ಕೂ ಒಂದೇ ಕರಗುಬಿಂದು, ಟಿಎಲ್‌ಸಿಯಲ್ಲೂ ಒಂದೇ ಜಾಗ. ಬೇರೆ ಮಾಡಿ ಹೇಳಲು ಪೋಲಾರಿಮೀಟರ್ (ಧ್ರುವೀಕೃತ ಬೆಳಕನ್ನು ವಸ್ತು ಯಾವ ಕಡೆ ತಿರುಗಿಸುತ್ತದೆಂದು ಅಳೆಯುವ ಉಪಕರಣ) ಬೇಕು, ಇಲ್ಲಿ ಅದನ್ನು ಅಳೆದಿಲ್ಲ. ಉಸ್ನಿಯದಲ್ಲಿ ಸಾಮಾನ್ಯವಾಗಿ ಸಿಗುವುದು ಪ್ಲಸ್ ರೂಪ.

ಹಂತ 6. ಡಿಸ್ಕ್ ಪರೀಕ್ಷೆ

ಬರ್ಕ್‌ಹೋಲ್ಡರ್ ಮತ್ತು ಜೊತೆಗಾರರು 1944ರಲ್ಲಿ ಹಲವು ಕಲ್ಲುಹೂವುಗಳ ಸಾರವನ್ನು ಸ್ಟ್ಯಾಫಿಲೊಕಾಕಸ್ ಆರಿಯಸ್ ಮತ್ತು ಬ್ಯಾಸಿಲಸ್ ಸಬ್ಟಿಲಿಸ್ ಮೇಲೆ ಹಾಕಿ ತೋರಿಸಿದಾಗಿನಿಂದ ಈ ಜಾಡು ಶುರುವಾಯಿತು. ಉಸ್ನಿಕ್ ಆಮ್ಲ ಹಿಡಿಯುವುದು ಗ್ರಾಂ-ಪಾಸಿಟಿವ್ ಬ್ಯಾಕ್ಟೀರಿಯಗಳನ್ನು. ಗ್ರಾಂ-ನೆಗೆಟಿವ್‌ಗಳ ಹೊರಪೊರೆ ದಾಟುವುದು ಅದಕ್ಕೆ ಕಷ್ಟ. ಹಾಗಾಗಿ ಎರಡೂ ಬಗೆ ಬೇಕು: ಗ್ರಾಂ-ಪಾಸಿಟಿವ್ ಆದ ಬಿ. ಸಬ್ಟಿಲಿಸ್ ಮತ್ತು ಗ್ರಾಂ-ನೆಗೆಟಿವ್ ಆದ ಈ. ಕೋಲಿಯ ಕೆ-12 ತಳಿ. ಸ್ಟ್ಯಾಫಿಲೊಕಾಕಸ್ ಬೆಳೆಸಲು ತಕ್ಕ ಸುರಕ್ಷತೆಯ ಪ್ರಯೋಗಾಲಯ ಬೇಕು, ಇಲ್ಲಿ ಮುಟ್ಟಿಲ್ಲ.

ಮ್ಯುಲ್ಲರ್-ಹಿಂಟನ್ ಅಗರ್, ಆಳ 4 ಮಿಮೀ. ಬ್ಯಾಕ್ಟೀರಿಯವನ್ನು 0.5 ಮ್ಯಾಕ್‌ಫಾರ್ಲೆಂಡ್ ಮಸುಕಿಗೆ (ಬ್ಯಾಕ್ಟೀರಿಯದ ದಟ್ಟಣೆ ಹೋಲಿಸುವ ಅಳತೆ) ಹೊಂದಿಸಿ ಹತ್ತಿಕಡ್ಡಿಯಿಂದ ಮೂರು ದಿಕ್ಕಿಗೆ ಬಳಿದದ್ದು. ಡಿಸ್ಕ್ 6 ಮಿಮೀ. ಅಸಿಟೋನಿನಲ್ಲಿ ಮಿಲಿಗೆ 5 ಮಿಗ್ರಾಂ ದ್ರಾವಣ. 10 ಮೈಕ್ರೋಲೀಟರ್ ಹಾಕಿದರೆ ಡಿಸ್ಕಿಗೆ 50 ಮೈಕ್ರೋಗ್ರಾಂ, ಒಣಗಿಸಿ ಮತ್ತೊಮ್ಮೆ ಹಾಕಿದರೆ 100. ಡಿಸ್ಕುಗಳನ್ನು ಒಣಗಿಸುವುದು ಗಾಜಿನ ತಟ್ಟೆಯಲ್ಲೇ ಆಗಬೇಕು. ಪಾಲಿಸ್ಟೈರೀನ್ ಪೆಟ್ರಿ ತಟ್ಟೆಗೆ ಅಸಿಟೋನು ತಾಗಿದರೆ ಪ್ಲಾಸ್ಟಿಕ್ ಕರಗಿ ಡಿಸ್ಕಿಗೇ ಅಂಟುತ್ತದೆ.

ಪ್ರತಿ ತಟ್ಟೆಯಲ್ಲೂ ಬರೀ ಅಸಿಟೋನ್ ಹಾಕಿ ಒಣಗಿಸಿದ ಡಿಸ್ಕ್ ಒಂದು, 30 ಮೈಕ್ರೋಗ್ರಾಂ ಕ್ಲೋರಾಂಫೆನಿಕಾಲ್ ಎಂಬ ಪ್ರತಿಜೀವಕದ ಡಿಸ್ಕ್ ಒಂದು. ಇವೆರಡೂ ಇಲ್ಲದ ತಟ್ಟೆಯ ಅಳತೆಯನ್ನು ಬರೆದಿಡುವುದೇ ದಂಡ. 35 ಡಿಗ್ರಿಯಲ್ಲಿ 18 ಗಂಟೆ.

ಈ. ಕೋಲಿ: ಉಸ್ನಿಕ್ ಆಮ್ಲದ ಸುತ್ತ ಏನೂ ಇಲ್ಲ, ಕ್ಲೋರಾಂಫೆನಿಕಾಲ್ ಸುತ್ತ ದೊಡ್ಡ ತೆರವು (ಬ್ಯಾಕ್ಟೀರಿಯ ಬೆಳೆಯದ ಜಾಗ).
ಬಿ. ಸಬ್ಟಿಲಿಸ್: ಅಸಿಟೋನ್ ಡಿಸ್ಕಿಗೆ ಏನೂ ಇಲ್ಲ, 50 ಮೈಕ್ರೋಗ್ರಾಮಿಗೆ 14 ಮಿಮೀ, 100 ಮೈಕ್ರೋಗ್ರಾಮಿಗೆ 15 ಮಿಮೀ (ಡಿಸ್ಕ್ ಸೇರಿ).

ಪ್ರಮಾಣ ಇಮ್ಮಡಿಸಿದರೂ ಹೆಚ್ಚಿದ್ದು ಒಂದೇ ಮಿಲಿಮೀಟರ್. ಡಿಸ್ಕನ್ನು ಎತ್ತಿ ಮಸೂರದಲ್ಲಿ ನೋಡಿದರೆ ಕಾರಣ ಕಾಣುತ್ತದೆ: ಹಳದಿ ಪುಡಿ ಡಿಸ್ಕಿನ ಮೇಲೇ ಕೂತಿದೆ, ಅಗರಿಗೆ ಇಳಿದೇ ಇಲ್ಲ. ನೀರಿನಲ್ಲಿ ಕರಗದ ವಸ್ತುವಿಗೆ ಈ ಪರೀಕ್ಷೆ ಅಳೆಯುವುದು ಕೊಲ್ಲುವ ಶಕ್ತಿಯನ್ನಲ್ಲ, ಅಗರಿನಲ್ಲಿ ಹರಿಯುವ ಶಕ್ತಿಯನ್ನು. ಬೇರೆ ಬೇರೆ ಕಲ್ಲುಹೂವಿನ ಸಂಯುಕ್ತಗಳನ್ನು ತೆರವಿನ ಅಗಲ ನೋಡಿ ಹೋಲಿಸುವುದು ಇದೇ ಕಾರಣಕ್ಕೆ ತಪ್ಪು. ಹೌದು-ಇಲ್ಲ ಎಂಬ ಉತ್ತರಕ್ಕೆ ಮಾತ್ರ ಇದು ಸಾಕು.

ತಟ್ಟೆಯಲ್ಲಿ ಕೆಲಸ ಮಾಡಿತೆಂದು ಯಾರೂ ಇದನ್ನು ಬಾಯಿಗೆ ಹಾಕಿಕೊಳ್ಳಬಾರದು. ಮೈಟೊಕಾಂಡ್ರಿಯದ ಪೊರೆಯ ಮೂಲಕ ಪ್ರೋಟಾನುಗಳನ್ನು ಸೋರಲು ಬಿಟ್ಟು, ಉಸಿರಾಟದ ಶಕ್ತಿ ಎಟಿಪಿಯಾಗದಂತೆ ಮಾಡುವ ಗುಣ ಇದಕ್ಕಿದೆ. ಯಕೃತ್ತು ಅದಕ್ಕೆ ಬೆಲೆ ತೆರುತ್ತದೆ. ಇದರ ಸೋಡಿಯಂ ಲವಣವಿದ್ದ ತೂಕ ಇಳಿಸುವ ಗುಳಿಗೆಯೊಂದರಿಂದ ಯಕೃತ್ತಿಗೆ ಹಾನಿಯಾದದ್ದು ಕಂಡು 2001ರ ನವೆಂಬರಿನಲ್ಲಿ ಅಮೆರಿಕದ ಎಫ್‌ಡಿಎ ಎಚ್ಚರಿಕೆ ಹೊರಡಿಸಿತ್ತು.

ಹಂತ 7. ಎಂಐಸಿ, ಸದ್ಯಕ್ಕೆ ನಿಂತಿದೆ

96 ಕುಳಿಯ ತಟ್ಟೆ, ಮ್ಯುಲ್ಲರ್-ಹಿಂಟನ್ ಸಾರು, ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಮಿಲಿಗೆ 6.4 ಮಿಗ್ರಾಂ ಮೂಲದ್ರಾವಣ. ನೂರಕ್ಕೆ ಒಂದರಂತೆ ಸಾರಿಗೆ ಬೆರೆಸಿದರೆ ಮಿಲಿಗೆ 64 ಮೈಕ್ರೋಗ್ರಾಂ, ಅಲ್ಲಿಂದ ಅರ್ಧರ್ಧ ಮಾಡುತ್ತಾ 0.5ರವರೆಗೆ. ಡಿಎಂಎಸ್‌ಒ ಎಲ್ಲ ಕುಳಿಗಳಲ್ಲೂ 1% ಇರುವಂತೆ, ದುರ್ಬಲಗೊಳಿಸುವ ಸಾರಿಗೂ 1% ಸೇರಿಸಿದ್ದು.

ತೊಡಕಾದದ್ದು 64 ಮತ್ತು 32ರ ಕುಳಿಗಳಲ್ಲಿ. ಬ್ಯಾಕ್ಟೀರಿಯ ಹಾಕುವ ಮೊದಲೇ ಅಲ್ಲಿ ಹಳದಿ ಮಸುಕು ಕೂತಿತು. ಬೆಳವಣಿಗೆಯ ಮಸುಕಿಗೂ ಇದಕ್ಕೂ ಕಣ್ಣಿಗೆ ವ್ಯತ್ಯಾಸ ಗೊತ್ತಾಗಲಿಲ್ಲ, ಪ್ಲೇಟ್ ರೀಡರಿಗೂ ಗೊತ್ತಾಗಲಿಲ್ಲ. ಆ ತಟ್ಟೆಯ ಓದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಮುಂದಿನ ತಟ್ಟೆಗೆ ಮೂರು ಬದಲಾವಣೆ. ಮಸುಕು ನೋಡುವ ಬದಲು 18 ಗಂಟೆಯ ನಂತರ ರೆಸಜುರಿನ್ ಎಂಬ ಬಣ್ಣ ಹಾಕುವುದು. ಜೀವ ಇದ್ದರೆ ನೀಲಿ ಗುಲಾಬಿಯಾಗುತ್ತದೆ, ಇಲ್ಲದಿದ್ದರೆ ನೀಲಿಯಾಗಿಯೇ ಉಳಿಯುತ್ತದೆ. ಎರಡನೆಯದು, ಬ್ಯಾಕ್ಟೀರಿಯ ಇಲ್ಲದ, ಉಸ್ನಿಕ್ ಆಮ್ಲ ಮಾತ್ರ ಇರುವ ಸಾಲೊಂದನ್ನು ಸೇರಿಸುವುದು, ಬಣ್ಣ ಬದಲಾವಣೆಗೆ ಸಂಯುಕ್ತವೇ ಕಾರಣವಲ್ಲ ಎಂದು ನೋಡಲು. ಮೂರನೆಯದು ಸಾರಿನ ಪಿಎಚ್ ಅಳೆದು ಬರೆದಿಡುವುದು. ಉಸ್ನಿಕ್ ಆಮ್ಲದ ಮೊದಲ ಪಿಕೆಎ (ಅರ್ಧ ಭಾಗ ಲವಣರೂಪಕ್ಕೆ ತಿರುಗುವ ಪಿಎಚ್) 4.4, ಆದ್ದರಿಂದ ಪಿಎಚ್ 7.3ರಲ್ಲಿ ಬಹುಪಾಲು ಲವಣರೂಪದಲ್ಲಿರುತ್ತದೆ, ಪಿಎಚ್ ಇಳಿದಷ್ಟೂ ಮಸುಕು ಬೇಗ ಬೀಳುತ್ತದೆ. ಉಳಿದ ಹರಳು ಕಂದು ಗಾಜಿನ ಸೀಸೆಯಲ್ಲಿ, 4 ಡಿಗ್ರಿಯಲ್ಲಿ, ಬೆಳಕು ತಾಗದಂತೆ ಇದೆ. ಡಿಎಂಎಸ್‌ಒ ದ್ರಾವಣವನ್ನು ಪ್ರತಿ ತಟ್ಟೆಗೂ ಹೊಸದಾಗಿ ಮಾಡಿಕೊಳ್ಳುವುದು.